ಒಂದೇ ಹೆಸರಿನ ಮೂವರು ಬರೋಸ್: ಕೂಡುವ ಯಂತ್ರ ಯಾರದು?

ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಗಣಕ ವಿಜ್ಞಾನ ಕಲಿಸುತ್ತೇನೆ. ಈ ಸಲದ ಕಾಲೇಜು ಸಂಚಿಕೆಗೆ ಕಂಪ್ಯೂಟರಿನ ಪೂರ್ವಿಕರ ಬಗ್ಗೆ ಮಕ್ಕಳಿಂದ ಬರೆಸುತ್ತಿದ್ದೇವೆ. ವಿದ್ಯಾರ್ಥಿನಿಯೊಬ್ಬಳು ತಂದುಕೊಟ್ಟ ಬರಹದ ಸಾರ ಹೀಗಿದೆ: ‘ವಿಲಿಯಂ ಎಸ್. ಬರೋಸ್ (1914–1997) ಹಾರ್ವರ್ಡ್‌ನಲ್ಲಿ ಓದಿ, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. 1888ರಲ್ಲಿ ಕೂಡುವ ಯಂತ್ರಕ್ಕೆ ಪೇಟೆಂಟ್ ಪಡೆದು ಬರೋಸ್ ಕಾರ್ಪೊರೇಷನ್ ಸ್ಥಾಪಿಸಿ ಕೋಟ್ಯಧಿಪತಿಯಾದರು. ತಮ್ಮ ಸಂಶೋಧನೆಯ ಬಗ್ಗೆ ದಿ ಸಾಫ್ಟ್ ಮೆಷಿನ್, ದಿ ಆಡಿಂಗ್ ಮೆಷಿನ್ ಎಂಬ ಪುಸ್ತಕಗಳನ್ನು ಬರೆದರು. 1951ರಲ್ಲಿ ಅವರ ಗುಂಡಿಗೆ ಹೆಂಡತಿ ಬಲಿಯಾದರು.’ ಜೊತೆಗೆ ಹ್ಯಾಟ್ ಹಾಕಿದ ವಯಸ್ಸಾದವರೊಬ್ಬರ ಫೋಟೊ ಇದೆ. 1914ರಲ್ಲಿ ಹುಟ್ಟಿದವರು 1888ರಲ್ಲಿ ಪೇಟೆಂಟ್ ಪಡೆಯೋದು ಹೇಗಮ್ಮಾ ಅಂತ ಕೇಳಿದೆ. ‘1888 ತಪ್ಪಿರಬೇಕು ಮೇಡಂ, 1948 ಮಾಡ್ಲಾ?’ ಅಂದಳು. ಇಬ್ಬರು ಬರೋಸ್ ಇದ್ದಾರೆ ಅಂತ ಒಬ್ಬ ಸಹೋದ್ಯೋಗಿ ಹೇಳುತ್ತಾರೆ. ಸಾಹಿತಿಯಾದವರು ‘ಜೂನಿಯರ್’ ಅಂತ ಇನ್ನೊಬ್ಬರು ಹೇಳುತ್ತಾರೆ. ಬರೋಸ್ ಕಂಪನಿಯ ಮಾತ್ರೆ ನಾವೂ ನುಂಗಿದ್ದೇವೆ ಅಂತ ನಮ್ಮ ತಂದೆ! ಇನ್ನೊಂದು ವಿಷಯ. ನಾನು ಓದುವಾಗ ಇಯಾನ್ ಸಾಮರ್ವಿಲ್ ಅವರ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ನಮಗೆ ಪಠ್ಯವಾಗಿತ್ತು. ಅವರು ಈ ಬರೋಸ್ ಅವರ ಸ್ನೇಹಿತರಾಗಿದ್ದರು ಅಂತಲೂ ಆಕೆ ಬರೆದಿದ್ದಾಳೆ. ಲೇಖನ ಕೈಬಿಡಲೇ, ತಿದ್ದಿಸಲೇ? ಪ್ರಯೋಗಾಲಯದ ಗೋಡೆಗೆ ಇದೇ ಫೋಟೊ ಇರುವ ಪೋಸ್ಟರ್ ಬೇರೆ ಅಂಟಿಸಿಯಾಗಿದೆ.

ಉತ್ತರ: ಮೇಡಂ, ಲೇಖನ ಕೈಬಿಡಬೇಡಿ. ನೀವು ಕೇಳಿದ ಒಂದು ಪ್ರಶ್ನೆಯಿಂದ ಅರ್ಧ ಕೆಲಸ ಆಗಿಬಿಟ್ಟಿದೆ. ಉಳಿದರ್ಧ ಆ ಹುಡುಗಿ ಕೊಟ್ಟ ಉತ್ತರದಲ್ಲಿದೆ. 1888ನ್ನು 1948 ಮಾಡಿದ್ದರೆ ಲೇಖನ ಓದುವುದಕ್ಕೆ ಸರಿಯಾಗಿ ಕಾಣುತ್ತಿತ್ತು, ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಇಡೀ ಬರಹದಲ್ಲಿ ಸಂಶೋಧಕರಿಗೆ ಸೇರಿದ ಒಂದೇ ಒಂದು ನಿಜವಾದ ಇಸವಿ ಅಳಿಸಿಹೋಗುತ್ತಿತ್ತು. ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಕ್ಯಾಟಲಾಗ್ ಕೆಲಸ ಮಾಡಿದವನಾಗಿ ನಾನು ಮತ್ತೆಮತ್ತೆ ಕಂಡದ್ದು ಇದನ್ನೇ. ಒಂದೇ ಹೆಸರಿನವರು ಕಲಸಿಹೋದಾಗ ಇಸವಿಗಳು ಒಂದಕ್ಕೊಂದು ಕೂಡುವುದಿಲ್ಲ. ಆಗ ಬಹಳ ಮಂದಿ ಇಸವಿಯನ್ನು ತಿದ್ದಲು ಹೋಗುತ್ತಾರೆ. ಇಸವಿ ಮುಟ್ಟಬಾರದು, ಮನುಷ್ಯರನ್ನು ಬೇರೆ ಮಾಡಬೇಕು.

ನಿಮ್ಮ ವಿದ್ಯಾರ್ಥಿನಿ ಏನನ್ನೂ ಕಲ್ಪಿಸಿ ಬರೆದಿಲ್ಲ. ಅವಳ ಬಹುಪಾಲು ವಿವರಗಳು ಯಾರೋ ಒಬ್ಬ ವಿಲಿಯಂ ಬರೋಸ್‌ಗೆ ಹೊಂದುವಂಥವೇ. ಆದರೆ ಅಂಥವರು ಮೂವರಿದ್ದಾರೆ: ಅಜ್ಜ, ಮೊಮ್ಮಗ, ಮರಿಮಗ. ಮೂವರ ಪೂರ್ಣ ಹೆಸರೂ ವಿಲಿಯಂ ಸೆವಾರ್ಡ್ ಬರೋಸ್. ನಡುವಿನ ಒಂದು ತಲೆಮಾರಿಗೆ ಮಾತ್ರ ಬೇರೆ ಹೆಸರು. ಸಂಶೋಧಕರ ಮಗ, ಸಾಹಿತಿಯ ತಂದೆ, ಮಾರ್ಟಿಮರ್ ಬರೋಸ್.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮಗೇನು ಹೊಸದಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿ ಒಂದನೇ ಪುಲಕೇಶಿಯ ಮೊಮ್ಮಗ, ನಡುವೆ ತಂದೆ ಕೀರ್ತಿವರ್ಮ. ಬರೋಸ್ ಮನೆತನದಲ್ಲೂ ಕ್ರಮ ಇದೇ. ಚರಿತ್ರೆ ಪಾಠದಲ್ಲಿ ಇಬ್ಬರು ಪುಲಕೇಶಿಯರನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಂಡ ಮಕ್ಕಳಿಗೆ ಇದು ಕಷ್ಟವಾಗಬಾರದು.

ಮೊದಲು ಅಜ್ಜನ ಕಥೆ ಹೇಳುತ್ತೇನೆ, ಏಕೆಂದರೆ ನಿಮ್ಮ ಸಂಚಿಕೆಗೆ ಬೇಕಾದವರು ಅವರು, ಈ ಗೊಂದಲದಲ್ಲಿ ಕಳೆದುಹೋಗುವವರೂ ಅವರೇ. ಅವರು ನ್ಯೂಯಾರ್ಕ್ ರಾಜ್ಯದವರು. ಆಬರ್ನ್ ಊರಿನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದರು. ಆ ಕಾಲದ ಬ್ಯಾಂಕ್ ಗುಮಾಸ್ತಿಕೆಯೆಂದರೆ ದಿನವಿಡೀ ಉದ್ದುದ್ದ ಸಾಲುಗಳನ್ನು ಕೂಡುವುದು, ಕೂಡಿದ್ದು ಸರಿಯೇ ಅಂತ ಮತ್ತೆ ಕೂಡುವುದು, ಲೆಕ್ಕ ತಾಳೆಯಾಗದಿದ್ದರೆ ತಪ್ಪು ಸಿಗುವವರೆಗೆ ಹುಡುಕುವುದು. ಆರೋಗ್ಯ ಕೆಟ್ಟು ಆ ಕೆಲಸ ಬಿಟ್ಟು 1880ರ ದಶಕದ ಆರಂಭದಲ್ಲಿ ಸೇಂಟ್ ಲೂಯಿಸ್‌ಗೆ ಹೋದರು. ಅಲ್ಲಿ ಜೋಸೆಫ್ ಬಾಯರ್ ಎಂಬುವರ ಯಂತ್ರದ ಕಾರ್ಖಾನೆಯಲ್ಲಿ ಜಾಗ ಸಿಕ್ಕಿತು. 1885ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1886ರಲ್ಲಿ ಪಾಲುದಾರರೊಂದಿಗೆ ಅಮೆರಿಕನ್ ಅರಿಥ್ಮೋಮೀಟರ್ ಕಂಪನಿ ಕಟ್ಟಿದರು. 1888ರ ಆಗಸ್ಟ್ 21ರಂದು ಪೇಟೆಂಟ್ ಕೈಗೆ ಬಂತು, ಮೊದಲನೆಯದರ ಸಂಖ್ಯೆ 388,116.

ಯಂತ್ರ ಕೆಲಸ ಮಾಡುತ್ತಿದ್ದ ರೀತಿಯನ್ನು ಮಕ್ಕಳಿಗೆ ಹೇಳಲೇಬೇಕು. ಮುಂಭಾಗದಲ್ಲಿ ಸಾಲುಸಾಲಾಗಿ ಕೀಲಿಗಳು. ಬಿಡಿಗೆ ಒಂದು ಸಾಲು, ಹತ್ತಕ್ಕೆ ಒಂದು, ನೂರಕ್ಕೆ ಒಂದು, ಪ್ರತಿ ಸಾಲಿನಲ್ಲೂ 1ರಿಂದ 9. ಕೀಲಿ ಒತ್ತಿದರೆ ಅಂಕಿ ಹೊಂದಿಕೊಂಡು ಕೂರುತ್ತದೆ ಅಷ್ಟೆ, ಕೂಡುವುದಿಲ್ಲ. ಪಕ್ಕದ ಹಿಡಿ ಎಳೆದಾಗಲೇ ಕೂಡುವುದು, ಕಾಗದದ ಮೇಲೆ ಅಚ್ಚಾಗುವುದು. ಹೀಗಾಗಿ ತಪ್ಪು ಕೀಲಿ ಒತ್ತಿದ್ದರೆ ಹಿಡಿ ಎಳೆಯುವ ಮುಂಚೆ ಸರಿಮಾಡಬಹುದಿತ್ತು. ಗುಮಾಸ್ತರಾಗಿ ತಪ್ಪು ಹುಡುಕಿ ಸಾಕಾದವರಿಗೆ ಹೊಳೆಯುವ ಏರ್ಪಾಡು ಇದು.

ಆದರೆ ಮಾರಾಟಕ್ಕೆಂದು ಮಾಡಿದ ಮೊದಲ ಯಂತ್ರಗಳು ಸೋತವು. ಕಾರಣ ಗಣಿತದಲ್ಲಿ ಇರಲಿಲ್ಲ, ಹಿಡಿಯಲ್ಲಿತ್ತು. ಒಬ್ಬ ಮೆಲ್ಲಗೆ ಎಳೆದರೆ ಒಂದು ಉತ್ತರ, ಇನ್ನೊಬ್ಬ ಜಗ್ಗಿ ಎಳೆದರೆ ಇನ್ನೊಂದು ಉತ್ತರ! ಅವರು ಸೇರಿಸಿದ ಪರಿಹಾರ, ಎಣ್ಣೆ ತುಂಬಿದ ಸಣ್ಣ ಸಿಲಿಂಡರ್, ಅದರೊಳಗೊಂದು ಪಿಸ್ಟನ್. ಆಫೀಸಿನ ಬಾಗಿಲು ಧಡಾರನೆ ಬಡಿಯದಂತೆ ಮೇಲೆ ಹಾಕಿರುತ್ತಾರಲ್ಲ, ಆ ಡೋರ್ ಕ್ಲೋಸರ್‌ನೊಳಗೆ ಇರುವ ತತ್ತ್ವ ಅದೇ. ಕೈ ಎಷ್ಟೇ ಜೋರಾಗಿ ಎಳೆದರೂ ಒಳಗಿನ ಚಲನೆ ಒಂದೇ ವೇಗದಲ್ಲಿ ಸಾಗುತ್ತದೆ. ಕೆಟ್ಟ ಯಂತ್ರಗಳನ್ನೆಲ್ಲ ಅವರು ಒಂದೊಂದಾಗಿ ಕಿಟಕಿಯಿಂದ ಬೀದಿಗೆ ಎಸೆದರು ಅಂತ ಒಂದು ಕಥೆಯಿದೆ. ಕೇಳಲು ಚೆನ್ನಾಗಿದೆ, ಆದರೆ ಬಾಯಿಂದ ಬಾಯಿಗೆ ಬೆಳೆದ ಕಥೆ. ಸಂಚಿಕೆಯಲ್ಲಿ ಹಾಕುವುದಾದರೆ ‘ಎಂದು ಹೇಳುತ್ತಾರೆ’ ಅಂತ ಸೇರಿಸಿ. 1897ರಲ್ಲಿ ಫಿಲಡೆಲ್ಫಿಯದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಅವರಿಗೆ ಜಾನ್ ಸ್ಕಾಟ್ ಪದಕ ಕೊಟ್ಟಿತು. ಮರುವರ್ಷ, 1898ರ ಸೆಪ್ಟೆಂಬರಿನಲ್ಲಿ, ಅಲಬಾಮಾದ ಸಿಟ್ರೊನೆಲ್‌ನಲ್ಲಿ ಕ್ಷಯದಿಂದ ತೀರಿಕೊಂಡರು. ಇನ್ನೂ ಮುದುಕರಾಗುವ ವಯಸ್ಸಲ್ಲ.

ಈಗ ಪೋಸ್ಟರಿನ ಮೇಲಿರುವವರು. 1914ರ ಫೆಬ್ರವರಿ 5ರಂದು ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದವರು ಮೊಮ್ಮಗ. ಅಜ್ಜ ಸತ್ತು ಆಗಲೇ ಹದಿನೈದು ವರ್ಷ ಕಳೆದಿತ್ತು, ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ಹಾರ್ವರ್ಡ್‌ನಲ್ಲಿ ಓದಿದವರು ಇವರು. ಕಾದಂಬರಿಕಾರರಾಗಿ ಜಗತ್ತಿಗೆ ಗೊತ್ತಾದವರು ಇವರು. ಮಾದಕ ವ್ಯಸನದ ಬಗ್ಗೆ ಬಿಚ್ಚಿ ಬರೆದರು. 1959ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ‘ನೇಕೆಡ್ ಲಂಚ್’ ಅಮೆರಿಕದಲ್ಲಿ ಕೋರ್ಟಿಗೂ ಹೋಯಿತು. 1951ರಲ್ಲಿ ಮೆಕ್ಸಿಕೋ ನಗರದಲ್ಲಿ ಪತ್ನಿ ಜೋನ್ ವೋಲ್ಮರ್ ಸತ್ತದ್ದು ಇವರ ಗುಂಡಿಗೆ. 1997ರಲ್ಲಿ ಕ್ಯಾನ್ಸಸ್‌ನ ಲಾರೆನ್ಸ್‌ನಲ್ಲಿ ತೀರಿಕೊಂಡರು. ಹ್ಯಾಟು, ಸೂಟು, ಒಣಕಲು ಮುಖ, ಇವು ಇವರ ಫೋಟೊಗಳ ಗುರುತು.

ನನಗೆ ಇದು ಬರೀ ಪುಸ್ತಕದ ತಪ್ಪು ಅನ್ನಿಸುವುದಿಲ್ಲ. 1898ರಲ್ಲೇ ತೀರಿಕೊಂಡ ಒಬ್ಬ ಬಡಪಾಯಿ ಯಂತ್ರಶಿಲ್ಪಿಯ ಮೇಲೆ, ಅರ್ಧ ಶತಮಾನದ ನಂತರ ನಡೆದ ಸಾವಿನ ಹೊಣೆ ಬೀಳುತ್ತಿದೆ. ಇನ್ನೊಂದು ಕಡೆ ಪತ್ನಿಯ ಸಾವು, ಕಾದಂಬರಿಗಳು, ವ್ಯಸನ ಎಲ್ಲ ಸೇರಿದ ಒಬ್ಬ ಸಾಹಿತಿಯ ಜಟಿಲ ಬದುಕು ‘ಸಂಶೋಧಕರ ಖಾಸಗಿ ಜೀವನ’ ಎಂಬ ಒಂದು ಸಾಲಿಗೆ ಇಳಿಯುತ್ತಿದೆ. ಇಬ್ಬರಿಗೂ ಅನ್ಯಾಯ.

ಪುಸ್ತಕಗಳ ಹೆಸರು ನೋಡಿ ಮೋಸಹೋದದ್ದು ಸಹಜ. ‘ದಿ ಸಾಫ್ಟ್ ಮೆಷಿನ್’ 1961ರ ಕಾದಂಬರಿ. ಹೆಸರಿನಲ್ಲಿ ಸಾಫ್ಟ್ ಇದೆ, ಮೆಷಿನ್ ಇದೆ, ಆದರೆ ಸಾಫ್ಟ್‌ವೇರಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಮೆತ್ತನೆಯ ಯಂತ್ರ ಎಂದರೆ ಮನುಷ್ಯನ ದೇಹ. ‘ದಿ ಆಡಿಂಗ್ ಮೆಷಿನ್’ 1980ರ ದಶಕದಲ್ಲಿ ಬಂದ ಪ್ರಬಂಧಗಳ ಸಂಕಲನ. ಆ ಹೆಸರಿನ ಹಿಂದೆ ಅಜ್ಜನ ನೆರಳು ಇದೆ, ನಿಜ. ಆದರೆ ಯಂತ್ರ ಮಾಡುವುದು ಹೇಗೆ ಅಂತ ಅದರಲ್ಲಿ ಇಲ್ಲ. ಪುಟ ತಿರುಗಿಸದೆ ಬರೀ ಶೀರ್ಷಿಕೆ ನೋಡಿ ವಿಷಯ ಕೊಟ್ಟರೆ ಇಂಥ ಪುಸ್ತಕ ಕಂಪ್ಯೂಟರ್ ಕಪಾಟಿಗೆ ಹೋಗಿ ಕೂರುತ್ತದೆ. ಅಲ್ಲಿಂದ ಯಾರಾದರೂ ಪಟ್ಟಿ ಮಾಡಿದರೆ, ಆ ಪಟ್ಟಿಯನ್ನು ಇನ್ನೊಬ್ಬರು ನಕಲು ಮಾಡಿದರೆ ಮುಗಿಯಿತು.

ಜೂನಿಯರ್ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ನಿಮ್ಮ ಸಹೋದ್ಯೋಗಿ ಹೇಳಿದ ಜೂನಿಯರ್ ಇದ್ದಾರೆ, ಸಾಹಿತಿಯೂ ಹೌದು. ಆದರೆ ಅವರು ಎರಡನೆಯವರಲ್ಲ, ಮೂರನೆಯವರು! ಕಾದಂಬರಿಕಾರರ ಮಗ. 1947ರಲ್ಲಿ ಹುಟ್ಟಿ, ‘ಸ್ಪೀಡ್’ ಮತ್ತು ‘ಕೆಂಟಕಿ ಹ್ಯಾಮ್’ ಎಂಬ ಎರಡು ಪುಸ್ತಕ ಬರೆದು, 1981ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅಮೆರಿಕದ ರೂಢಿಯಲ್ಲಿ ತಂದೆಯ ಹೆಸರನ್ನೇ ಹೊತ್ತ ಮಗ ಜೂನಿಯರ್. ಅಜ್ಜನ ಹೆಸರೋ ಚಿಕ್ಕಪ್ಪನ ಹೆಸರೋ ಹೊತ್ತರೆ ‘ಎರಡನೆಯ’. ಕಾದಂಬರಿಕಾರರ ತಂದೆ ಮಾರ್ಟಿಮರ್ ಆದ್ದರಿಂದ ಅವರು ಜೂನಿಯರ್ ಆಗಲಾರರು. ಅವರ ಪುಸ್ತಕಗಳ ಮೇಲೆ ಸಂಖ್ಯೆಯೂ ಇಲ್ಲ, ಬರೀ ವಿಲಿಯಂ ಎಸ್. ಬರೋಸ್. ಮೊದಲ ಪುಸ್ತಕವಂತೂ 1953ರಲ್ಲಿ ‘ವಿಲಿಯಂ ಲೀ’ ಎಂಬ ಹೆಸರಿನಲ್ಲಿ ಬಂತು, ಲೀ ಎಂಬುದು ತಾಯಿಯ ತವರಿನ ಹೆಸರು. ಅಂದರೆ ಒಂದೇ ಹೆಸರಿನ ಹಲವರು ಒಂದು ತೊಡಕು, ಹಲವು ಹೆಸರಿನ ಒಬ್ಬರು ಅದಕ್ಕೆ ಎದುರಾದ ತೊಡಕು. ಈ ಮನೆತನದಲ್ಲಿ ಎರಡೂ ಇವೆ. ಸಾಲದ್ದಕ್ಕೆ ಅಜ್ಜ, ಮೊಮ್ಮಗ ಇಬ್ಬರ ಸಮಾಧಿಯೂ ಸೇಂಟ್ ಲೂಯಿಸ್‌ನ ಬೆಲ್‌ಫಾಂಟೇನ್ ಸ್ಮಶಾನದಲ್ಲೇ ಇದೆ.

ದುಡ್ಡಿನ ವಿಚಾರಕ್ಕೆ ಬರೋಣ. ಬರೋಸ್ ಕಾರ್ಪೊರೇಷನ್ ಸ್ಥಾಪಿಸಿ ಕೋಟ್ಯಧಿಪತಿಯಾದರು ಎಂಬ ವಾಕ್ಯ ಯಾರಿಗೂ ಹೊಂದುವುದಿಲ್ಲ. ಸಂಶೋಧಕರು ಬದುಕಿರುವಾಗ ಕಂಪನಿಗೆ ಅವರ ಹೆಸರೇ ಇರಲಿಲ್ಲ. ಅದು 1904ರಲ್ಲಿ ಡೆಟ್ರಾಯಿಟ್‌ಗೆ ಹೋಯಿತು, ಬರೋಸ್ ಆಡಿಂಗ್ ಮೆಷಿನ್ ಕಂಪನಿ ಎಂಬ ಹೆಸರು ಆ ಹೊತ್ತಿಗೆ ಬಂದದ್ದು. ಬರೋಸ್ ಕಾರ್ಪೊರೇಷನ್ ಆದದ್ದು 1953ರಲ್ಲಿ. ಯಂತ್ರ ಮಾರಾಟ ಜೋರಾದದ್ದೆಲ್ಲ ಅವರು ಹೋದ ಮೇಲೆ. ಇನ್ನು ಕಾದಂಬರಿಕಾರರು ಕಂಪನಿಯ ವಾರಸುದಾರರಾಗಿ ಮೆರೆದರು ಎಂಬುದು ಬಹಳ ಹಳೆಯ ಗಾಳಿಸುದ್ದಿ. 1929ರ ಷೇರುಪೇಟೆ ಕುಸಿತಕ್ಕೆ ಸ್ವಲ್ಪ ಮುಂಚೆಯೇ ಅವರ ತಂದೆ ತಾಯಿ ತಮ್ಮಲ್ಲಿದ್ದ ಷೇರು ಮಾರಿಬಿಟ್ಟಿದ್ದರು. ಆಮೇಲೆ ಉಡುಗೊರೆ ಸಾಮಾನಿನ ಅಂಗಡಿ ನಡೆಸಿದರು. ಮಗನಿಗೆ ತಿಂಗಳಿಗೆ 200 ಡಾಲರ್ ಕಳಿಸುತ್ತಿದ್ದದ್ದು ನಿಜ. ಅದು ಬದುಕಲು ಸಾಲುವ ಹಣ, ಸಿರಿವಂತಿಕೆ ಅಲ್ಲ.

‘ಮೊದಲ ಲೆಕ್ಕದ ಯಂತ್ರ’ ಅಂತಲೂ ಬರೆಯಬೇಡಿ. ಪ್ಯಾಸ್ಕಲ್ 1640ರ ದಶಕದಲ್ಲೇ ಮಾಡಿದ್ದರು. ಫ್ರಾನ್ಸಿನ ಥಾಮಸ್ ಡಿ ಕೊಲ್ಮಾರ್ ಅವರ ಅರಿಥ್ಮೋಮೀಟರ್‌ಗೆ ಪೇಟೆಂಟ್ ಸಿಕ್ಕಿದ್ದು 1820ರಲ್ಲಿ. ಷಿಕಾಗೋದ ಡಾರ್ ಫೆಲ್ಟ್ ಅವರ ಕಾಂಪ್ಟೋಮೀಟರ್‌ಗೆ 1887ರಲ್ಲಿ, ಅದರಲ್ಲಿ ಹಿಡಿಯೇ ಇಲ್ಲ, ಕೀಲಿ ಒತ್ತಿದೊಡನೆ ಕೂಡುತ್ತದೆ. ಬರೋಸ್ ಅವರ ಹಿರಿಮೆ ಬೇರೆ ಕಡೆ ಇದೆ. ಬ್ಯಾಂಕಿನ ಮೇಜಿನ ಮೇಲೆ ಯಾವ ಗುಮಾಸ್ತ ಬೇಕಾದರೂ ನಂಬಿ ಎಳೆಯಬಹುದಾದ, ಕಾಗದದ ಮೇಲೆ ಲೆಕ್ಕದ ಸಾಕ್ಷಿ ಉಳಿಸುವ ಯಂತ್ರ ಕೊಟ್ಟರು. ಅಷ್ಟು ಬರೆದರೆ ಸಾಕು. ಅದು ಕಡಿಮೆ ಮಾತೇನಲ್ಲ.

ಅದು ಕಂಪ್ಯೂಟರ್ ಅಂತೂ ಅಲ್ಲ. ಕಂಪ್ಯೂಟರಿಗೆ ಬಂದದ್ದು ಕಂಪನಿ. 1961ರ ಬಿ5000 ಎಂಬ ಕಂಪ್ಯೂಟರ್, ಆಲ್ಗಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಮನಸ್ಸಿನಲ್ಲಿಟ್ಟು ವಿನ್ಯಾಸ ಮಾಡಿದ ಸ್ಟ್ಯಾಕ್ (ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ಪೇರಿಕೆ) ಯಂತ್ರ, ನೀವು ಪಾಠ ಮಾಡುವ ಸ್ಟ್ಯಾಕ್ ಅದೇ. ಹೆಸರಾಂತ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1970ರ ದಶಕದಲ್ಲಿ ಬರೋಸ್ ಕಂಪನಿಯ ರಿಸರ್ಚ್ ಫೆಲೊ ಆಗಿದ್ದರು. ನಮ್ಮ ದೇಶಕ್ಕೂ ಈ ಹೆಸರು ಬಂತು. ಟಾಟಾ ಬರೋಸ್ ಎಂಬ ಕಂಪನಿ 1970ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಶುರುವಾಗಿ, ಮುಂದೆ ಟಾಟಾ ಯೂನಿಸಿಸ್, ಟಾಟಾ ಇನ್ಫೋಟೆಕ್ ಆಗಿ, ಕೊನೆಗೆ 2006ರಲ್ಲಿ ಟಿಸಿಎಸ್‌ನಲ್ಲಿ ಸೇರಿಹೋಯಿತು. ಅಮೆರಿಕದ ಬರೋಸ್ 1986ರಲ್ಲಿ ಸ್ಪೆರಿ ಜೊತೆ ಕೂಡಿ ಯೂನಿಸಿಸ್ ಆಯಿತು. ನಿಮ್ಮ ವಿದ್ಯಾರ್ಥಿನಿಗೆ ಇನ್ನೊಂದು ಪುಟ ಬೇಕಿದ್ದರೆ ಹೆಂಡತಿಗೆ ಗುಂಡು ತಗುಲಿದ ಕಥೆ ಕೈಬಿಟ್ಟು ಇದನ್ನು ಬರೆಯಲಿ.

ನಿಮ್ಮ ತಂದೆಯವರು ನುಂಗಿದ ಮಾತ್ರೆ ಬರೋಸ್ ವೆಲ್‌ಕಮ್ ಕಂಪನಿಯದು. 1880ರಲ್ಲಿ ಲಂಡನ್ನಿನಲ್ಲಿ ಸೈಲಸ್ ಬರೋಸ್ ಮತ್ತು ಹೆನ್ರಿ ವೆಲ್‌ಕಮ್ ಸೇರಿ ಕಟ್ಟಿದ ಔಷಧ ಕಂಪನಿ ಅದು. ಸೈಲಸ್ ಕೂಡ ನ್ಯೂಯಾರ್ಕ್ ರಾಜ್ಯದಲ್ಲೇ ಹುಟ್ಟಿದವರು, ಸಂಶೋಧಕರ ಸಮಕಾಲೀನರು, ಗೊಂದಲಕ್ಕೆ ಹೇಳಿ ಮಾಡಿಸಿದ ಹಾಗೆ. ಆದರೆ ಕೂಡುವ ಯಂತ್ರದ ಕಂಪನಿಯೇ ಬೇರೆ, ಇದೇ ಬೇರೆ. ಟಾರ್ಜನ್ ಬರೆದ ಎಡ್ಗರ್ ರೈಸ್ ಬರೋಸ್ ಇನ್ನೊಬ್ಬರು. ಕಾದಂಬರಿಕಾರರು ಓದಿದ ಶಾಲೆಯ ಹೆಸರು ಜಾನ್ ಬರೋಸ್ ಸ್ಕೂಲ್. ಅದನ್ನು ನೋಡಿ ಮನೆತನದ ಶಾಲೆ ಅಂದುಕೊಂಡವರಿದ್ದಾರೆ. ಅದು ಪ್ರಕೃತಿಯ ಬಗ್ಗೆ ಬರೆಯುತ್ತಿದ್ದ ಜಾನ್ ಬರೋಸ್ ಅವರ ನೆನಪಿಗೆ ಇಟ್ಟ ಹೆಸರು.

ಹೀಗೇಕೆ ಆಗುತ್ತದೆ ಅಂದರೆ, ಹೆಸರು ಹುಡುಕಿದಾಗ ಎದುರಿಗೆ ಬರುವುದು ಹೆಚ್ಚು ಪ್ರಸಿದ್ಧರಾದವರು. ಕಾದಂಬರಿಕಾರರ ಬಗ್ಗೆ ಸಾವಿರಾರು ಪುಟ, ನೂರಾರು ಫೋಟೊ ಇವೆ. ಅಜ್ಜನ ಬಗ್ಗೆ ಬೆರಳೆಣಿಕೆಯಷ್ಟು. ವಿವರ ಜೋಡಿಸುವ ಯಂತ್ರವೋ ಮನುಷ್ಯರೋ ಖಾಲಿ ಇರುವ ಕಡೆ ಪಕ್ಕದಲ್ಲಿ ಸಿಕ್ಕಿದ್ದನ್ನು ತುಂಬುತ್ತಾರೆ. ಫೋಟೊ ಒಂದು ಸಲ ತಪ್ಪಾಗಿ ಕೂತರೆ ಆಮೇಲಿನ ತಪ್ಪುಗಳಿಗೆಲ್ಲ ಅದೇ ಆಧಾರವಾಗುತ್ತದೆ, ಮುಖ ನೋಡಿದ ಮೇಲೆ ಇಸವಿ ನೋಡುವವರು ಕಡಿಮೆ.

ಹಳಬರ ಕಾಲದಲ್ಲಿ ಹೀಗೆ ಆಗುತ್ತಿರಲಿಲ್ಲ ಅನ್ನುವವರಿಗೆ ನಮ್ಮ ನಾಗವರ್ಮನನ್ನು ತೋರಿಸಿ. ‘ಛಂದೋಂಬುಧಿ’ ಬರೆದವನೂ ನಾಗವರ್ಮ, ‘ಕಾವ್ಯಾವಲೋಕನ’ ಬರೆದವನೂ ನಾಗವರ್ಮ. ಒಬ್ಬನೋ ಇಬ್ಬರೋ? ವಿದ್ವಾಂಸರು ಆಶ್ರಯದಾತರನ್ನು, ಗುರುಗಳ ಹೆಸರನ್ನು, ಒಬ್ಬರು ಇನ್ನೊಬ್ಬರಿಂದ ಎತ್ತಿಕೊಂಡ ಪದ್ಯಗಳನ್ನು ತಾಳೆನೋಡಿ ಇಬ್ಬರು ಅಂತ ಬಿಡಿಸಿದರು. ಅಷ್ಟಾದರೂ ಎರಡನೆಯವನ ಕಾಲ ಪೂರ್ತಿ ತೀರ್ಮಾನವಾಗಲಿಲ್ಲ. ಅವನು ಜಗದೇಕಮಲ್ಲನ ಕಟಕೋಪಾಧ್ಯಾಯ, ಅಂದರೆ ದೊರೆಯ ಬೀಡಿನ ಉಪಾಧ್ಯಾಯ. ಆದರೆ ಜಗದೇಕಮಲ್ಲ ಎಂಬ ಬಿರುದು ಕಲ್ಯಾಣದ ಚಾಲುಕ್ಯರಲ್ಲಿ ಒಬ್ಬರಿಗಿಂತ ಹೆಚ್ಚು ದೊರೆಗಳಿಗೆ ಇತ್ತು. ಹಾಗಾಗಿ ಕೆಲವರು 11ನೇ ಶತಮಾನ ಅಂದರು, ಕೆಲವರು 12ನೇ ಶತಮಾನ. ಕವಿಯ ಹೆಸರಿನ ಗೊಂದಲ ಬಿಡಿಸಲು ಹೋದರೆ ದೊರೆಯ ಹೆಸರಿನ ಗೊಂದಲ!

ಆ ವಿದ್ವಾಂಸರು ಮಾಡಿದ ಕೆಲಸವನ್ನೇ ನಿಮ್ಮ ವಿದ್ಯಾರ್ಥಿನಿ ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಲೇಖನದ ಪ್ರತಿ ವಾಕ್ಯವನ್ನೂ ಬಿಡಿಬಿಡಿಯಾಗಿ ಬರೆಯಲಿ. ಪ್ರತಿಯೊಂದರ ಎದುರು ಎರಡೇ ಪ್ರಶ್ನೆ: ಇದು ಯಾವ ಇಸವಿ, ಯಾವ ಊರು? ಆಗ ವಾಕ್ಯಗಳು ತಾವಾಗಿಯೇ ಎರಡು ಗುಂಪಾಗುತ್ತವೆ. ಆಬರ್ನ್ ಬ್ಯಾಂಕು, 1888ರ ಪೇಟೆಂಟ್ ಒಂದು ಕಡೆ, ಹಾರ್ವರ್ಡ್, ಮೆಕ್ಸಿಕೋ, ಕಾದಂಬರಿಗಳು ಇನ್ನೊಂದು ಕಡೆ. ಎರಡೂ ಕಡೆ ಕಾಣುವ ಊರು ಸೇಂಟ್ ಲೂಯಿಸ್ ಒಂದೇ, ಅದಕ್ಕೆ ಕಾರಣ ಮನೆತನ. ಒಂದು ಎಚ್ಚರಿಕೆ ಮಾತ್ರ ಬೇಕು. ಇಸವಿ ಬೇರೆಯಾದ ಮಾತ್ರಕ್ಕೆ ಮನುಷ್ಯರು ಬೇರೆ ಆಗಿರಲೇಬೇಕೆಂದಿಲ್ಲ. ಸಂಶೋಧಕರು ಹುಟ್ಟಿದ್ದು 1857, ರಾಚೆಸ್ಟರ್‌ನಲ್ಲಿ ಅಂತ ಕೆಲವು ಕಡೆ ಇದೆ, 1855, ಆಬರ್ನ್ ಅಂತ ಇನ್ನು ಕೆಲವು ಕಡೆ ಇದೆ. ಅದನ್ನು ನೋಡಿ ನಾಲ್ಕನೆಯ ಬರೋಸ್‌ನನ್ನು ಹುಟ್ಟಿಸಬಾರದು. ಎರಡು ವರ್ಷದ ವ್ಯತ್ಯಾಸ ದಾಖಲೆಯ ತಪ್ಪಿರಬಹುದು, ಅರವತ್ತು ವರ್ಷದ ವ್ಯತ್ಯಾಸ ಹಾಗಲ್ಲ.

ಸಂಚಿಕೆಯಲ್ಲಿ ಹೆಸರು ಹೇಗೆ ಹಾಕುವುದು? ಹೆಸರಿನ ಮುಂದೆ ಕಂಸದಲ್ಲಿ ಇಸವಿ ಹಾಕುವುದು ನಮ್ಮ ಕ್ಯಾಟಲಾಗಿನವರ ಹಳೆಯ ದಾರಿ, ನನಗೆ ಈಗಲೂ ಅದರ ಮೇಲೇ ಹೆಚ್ಚು ನಂಬಿಕೆ. ಹುಟ್ಟಿದ ವರ್ಷದಲ್ಲಿ ಮತಭೇದ ಇರುವುದರಿಂದ ಇಲ್ಲಿ ‘ನಿಧನ: 1898’ ಅಂತ ಹಾಕಿ, ಅದರಲ್ಲಿ ಜಗಳವಿಲ್ಲ. ‘ಒಂದನೇ’, ‘ಎರಡನೇ’ ಅಂತ ಹಾಕಿದರೆ ನೋಡಲು ಚೆಂದ, ಆದರೆ ಜೂನಿಯರ್ ಯಾರು ಎಂಬ ತೊಡಕು ಮತ್ತೆ ಎದುರಾಗುತ್ತದೆ. ಇನಿಷಿಯಲ್‌ನಿಂದ ಇಲ್ಲಿ ಏನೂ ಪ್ರಯೋಜನವಿಲ್ಲ, ಮೂವರದ್ದೂ ಒಂದೇ. ನಮ್ಮಲ್ಲೂ ಊರು ಮತ್ತು ತಂದೆಯ ಹೆಸರಿನಿಂದ ಇನಿಷಿಯಲ್ ಬರುವುದರಿಂದ ಒಂದೇ ಊರಿನಲ್ಲಿ ಎಚ್.ಎಸ್. ನಾಗರಾಜ್ ಎಷ್ಟೋ ಮಂದಿ ಇರುತ್ತಾರೆ. ‘ಸಂಶೋಧಕ’, ‘ಕಾದಂಬರಿಕಾರ’ ಎಂಬ ವೃತ್ತಿಯ ಗುರುತು ಓದುಗರಿಗೆ ಬಹಳ ಸುಲಭ, ನಿಮ್ಮ ಸಂಚಿಕೆಗೆ ಇಸವಿಯ ಜೊತೆ ಅದನ್ನೂ ಸೇರಿಸಿ. ಅದೊಂದನ್ನೇ ನಂಬಿದರೆ ಎಲ್ಲಿ ಎಡವುತ್ತೇವೆ ಅಂತ ಸಾಮರ್ವಿಲ್ ವಿಚಾರದಲ್ಲಿ ಹೇಳುತ್ತೇನೆ. ಗ್ರಂಥಾಲಯಗಳು ಈಗ ಲೇಖಕರನ್ನು ಗುರುತಿಸಲು ಐಎಸ್‌ಎನ್‌ಐ ಎಂಬ 16 ಅಂಕಿಯ ಸಂಖ್ಯೆ ಬಳಸುತ್ತವೆ, ಬೇರೆ ಬೇರೆ ದೇಶಗಳ ಹೆಸರುಪಟ್ಟಿಗಳನ್ನು ಜೋಡಿಸುವ ವಿಯಾಫ್ ಎಂಬ ವ್ಯವಸ್ಥೆಯೂ ಇದೆ. ಮಕ್ಕಳಿಗೆ ತೋರಿಸಿ, ತಪಾಸಣೆಗೆ ಒಳ್ಳೆಯದು. ಆದರೆ ಈ ಜೋಡಣೆಯಲ್ಲೂ ಬಹುಪಾಲು ಕೆಲಸ ಯಂತ್ರದ್ದು, ಇಬ್ಬರು ಒಂದೇ ಸಂಖ್ಯೆಯೊಳಗೆ ಸೇರಿಬಿಡುವುದು ಅಲ್ಲೂ ಉಂಟು. ಬರೋಸ್, ಬರ್ರೋಸ್, ಬರೋಜ್ ಅಂತ ಕನ್ನಡದಲ್ಲಿ ಮೂರು ಬಗೆಯಾಗಿ ಬರೆಯುತ್ತಾರೆ, ಸಂಚಿಕೆಯ ತುಂಬ ಒಂದನ್ನೇ ಬಳಸಿ.

ಲೇಖನವನ್ನು ತಿದ್ದುವಾಗ ಮೊಮ್ಮಗನನ್ನು ಪೂರ್ತಿ ಕೈಬಿಡುವುದು ಒಂದು ದಾರಿ. ಅದರಲ್ಲಿ ಅಪಾಯವಿದೆ. ಓದಿದ ಮಕ್ಕಳು ಮನೆಗೆ ಹೋಗಿ ಮೊಬೈಲಿನಲ್ಲಿ ಹೆಸರು ಹಾಕಿದರೆ ಮತ್ತೆ ಹ್ಯಾಟಿನವರೇ ಬರುತ್ತಾರೆ, ಸಂಚಿಕೆಯೇ ತಪ್ಪು ಅಂದುಕೊಳ್ಳುತ್ತಾರೆ. ಹಾಗಾಗಿ ಕೊನೆಯಲ್ಲಿ ಎರಡು ಸಾಲು ಇರಲಿ: ಇದೇ ಹೆಸರಿನ ಕಾದಂಬರಿಕಾರ (1914–1997) ಇವರ ಮೊಮ್ಮಗ, ಆ ಪುಸ್ತಕಗಳು ಅವರವು. 1951ರ ಘಟನೆ ಈ ಲೇಖನಕ್ಕೆ ಬೇಡ.

ಸಾಮರ್ವಿಲ್ ವಿಚಾರದಲ್ಲಿ ನಿಮ್ಮ ವಿದ್ಯಾರ್ಥಿನಿ ಅದೇ ಬಲೆಗೆ ಇನ್ನೊಮ್ಮೆ ಬಿದ್ದಿದ್ದಾಳೆ, ಈ ಸಲ ಬಲೆ ಇನ್ನೂ ಬಿಗಿ. ಕಾದಂಬರಿಕಾರ ಬರೋಸ್ ಅವರ ಜೊತೆ 1960ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಇಯಾನ್ ಸಾಮರ್ವಿಲ್ ಎಂಬ ಯುವಕ ನಿಜಕ್ಕೂ ಇದ್ದರು. ಎಲೆಕ್ಟ್ರಾನಿಕ್ಸ್ ಬಲ್ಲವರು, ಪ್ರೋಗ್ರಾಮರ್ ಕೂಡ. ಬ್ರಯಾನ್ ಗೈಸಿನ್ ಎಂಬ ಕಲಾವಿದರ ಪದ್ಯಗಳಿಗಾಗಿ, ಒಂದು ಸಾಲಿನ ಪದಗಳನ್ನು ಎಲ್ಲ ಬಗೆಯಲ್ಲೂ ಅದಲುಬದಲು ಮಾಡುವ ಕಂಪ್ಯೂಟರ್ ಪ್ರೋಗ್ರಾಮ್ ಬರೆದವರು. ವೃತ್ತಿ ನೋಡಿದರೆ ಕಂಪ್ಯೂಟರ್, ಹೆಸರು ನೋಡಿದರೆ ಒಂದೇ, ದೇಶ ನೋಡಿದರೆ ಬ್ರಿಟನ್. ಆದರೆ ಅವರು ಹುಟ್ಟಿದ್ದು 1940ರಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡದ್ದು 1976ರಲ್ಲಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಮೊದಲು ಅಚ್ಚಾದದ್ದು 1982ರಲ್ಲಿ. ಅದನ್ನು ಬರೆದ ಪ್ರಾಧ್ಯಾಪಕರು 1951ರಲ್ಲಿ ಹುಟ್ಟಿದವರು, ಬರೋಸ್ ಪ್ಯಾರಿಸ್‌ನಲ್ಲಿದ್ದಾಗ ಶಾಲೆಗೆ ಹೋಗುತ್ತಿದ್ದ ಹುಡುಗ. ನೀವು ಓದಿದ ಪುಸ್ತಕ ಅವರದ್ದು. ಆ ವಾಕ್ಯ ತೆಗೆಸಿಬಿಡಿ.

ಪೋಸ್ಟರ್ ಮೇಲೆ ಇಸವಿಯನ್ನು ಮಾತ್ರ ಚೀಟಿ ಅಂಟಿಸಿ ಸರಿಮಾಡಿ ಫೋಟೊ ಹಾಗೇ ಬಿಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಆಗ ತಪ್ಪು ಮುಖಕ್ಕೆ ಸರಿಯಾದ ಇಸವಿಯ ಬಲ ಸಿಗುತ್ತದೆ. ಪೋಸ್ಟರ್ ಇಳಿಸಿಬಿಡಿ. ಮೊಮ್ಮಗನ ಫೋಟೊಗಳು ಇತ್ತೀಚಿನವು, ತೆಗೆದ ಛಾಯಾಗ್ರಾಹಕರ ಹಕ್ಕೂ ಅವುಗಳ ಮೇಲೆ ಇರುತ್ತದೆ, ಆ ಕಾರಣಕ್ಕೂ ಬೇಡ. ಹೊಸದರಲ್ಲಿ ಮುಖದ ಬದಲು 388,116ನೇ ಪೇಟೆಂಟಿನ ನಕ್ಷೆ ಹಾಕಿಸಿ. ಅಮೆರಿಕದ ಹಳೆಯ ಪೇಟೆಂಟುಗಳನ್ನು ಯಾರು ಬೇಕಾದರೂ ಸಂಖ್ಯೆ ಹಾಕಿ ಇಳಿಸಿಕೊಳ್ಳಬಹುದು. ಚಕ್ರ, ಸರಳು ಎಲ್ಲ ಬಿಡಿಸಿರುವ ಆ ಹಾಳೆಯ ತಲೆಯ ಮೇಲೆ ಬರೋಸ್ ಹೆಸರೂ ಇದೆ, 1888ರ ಆಗಸ್ಟ್ 21 ಎಂಬ ದಿನಾಂಕವೂ ಇದೆ. ಮುದ್ರಣಾಲಯಕ್ಕೆ ಕೊಡುವ ಮುಂಚೆ ಆ ಹುಡುಗಿಯೇ ಅದನ್ನು ಇಳಿಸಿ, ದಿನಾಂಕ ಓದಿ ನಿಮಗೆ ತೋರಿಸಲಿ.